ದೊನ್ ಎವಾರಿಸ್ತೊ ತಮ್ಮ ಧಾರಾವಾಹಿ ನೋಡಿದ್ದು

ಲಿಮಾದ ನಮ್ಮ ಟೀವಿ ಚಾನೆಲ್ಲಿಗೆ ಚಿತ್ರ ಮುದ್ರಿಸುವ ಟೇಪಿನ ಯಂತ್ರ ಬಂದ ದಿನ ಪಾದ್ರಿಗಳನ್ನು ಕರೆಸಿ ತೀರ್ಥ ಚಿಮುಕಿಸಲಾಯಿತು. ಎಂಜಿನಿಯರ್ ಮಾತ್ರ ಅಡ್ಡ ನಿಂತು, "ಫಾದರ್, ದಮ್ಮಯ್ಯ, ದೂರದಿಂದ್ಲೇ ಆಶೀರ್ವಾದ ಮಾಡಿ, ಒಳಗೆ ನೀರು ಹೋದ್ರೆ ದೇವರೂ ರಿಪೇರಿ ಮಾಡಲ್ಲ" ಎಂದು ಗೋಗರೆದ. ಮಂತ್ರಿಗಳೊಬ್ಬರು ಬಂದು, ಇವತ್ತಿನಿಂದ ಪೆರು ದೇಶ ಕಾಲವನ್ನೇ ಗೆದ್ದಿದೆ ಎಂದು ಭಾಷಣ ಮಾಡಿದರು. ಭಾಷಣಕ್ಕೆ ಅವರೇ ತಡವಾಗಿ ಬಂದಿದ್ದರು.

ನಾನು ಅಲ್ಲಿ ಮೇಕಪ್ ಮಾಡುತ್ತಿದ್ದವಳು, ತೆಯೊಫಿಲಾ. ಅಲ್ಲಿಯವರೆಗೆ ನಮ್ಮ ಧಾರಾವಾಹಿಗಳೆಲ್ಲ ನೇರ ಪ್ರಸಾರ. ಹೀರೊ ಬಾಗಿಲು ಬಡಿದರೆ ಗೋಡೆ ಬೀಳುತ್ತಿತ್ತು, ಸತ್ತು ಮಲಗಿದವರು ಕೆಮ್ಮುತ್ತಿದ್ದರು, ಲಿಮಾದ ಜನ ಅದನ್ನೆಲ್ಲ ನೋಡಿ ಕ್ಷಮಿಸುತ್ತಿದ್ದರು. ಒಂದು ದೊಡ್ಡ ಅನುಕೂಲವೆಂದರೆ, ನಟರಿಗೆ ತಮ್ಮ ನಟನೆಯನ್ನು ನೋಡುವ ಭಾಗ್ಯವಿರಲಿಲ್ಲ.

ಇದರಿಂದ ಅತಿ ಹೆಚ್ಚು ಸುಖವಾಗಿದ್ದವರು ದೊನ್ ಎವಾರಿಸ್ತೊ ಸಾಲ್ಸೆದೊ. ಸಂಜೆಯ ಧಾರಾವಾಹಿಯಲ್ಲಿ ಅವರು ಜಮೀನ್ದಾರ. ನಾಟಕದ ಕಂಪನಿಯಲ್ಲಿ ಪಳಗಿದ ಗಂಟಲು. ಕ್ಯಾಮೆರಾ ಮೂಗಿನ ಮುಂದೆಯೇ ಇದ್ದರೂ ಅವರು ಮಾತಾಡುತ್ತಿದ್ದುದು ಬೀದಿಯಾಚೆಯ ಪ್ರೇಕ್ಷಕರಿಗೆ. "ಕಾಫಿ ತಗೊಂಡು ಬಾ" ಅನ್ನುವ ಮಾತನ್ನು ಅವರು ಹೇಳಿದರೆ ಯಾರನ್ನೋ ಗಲ್ಲಿಗೇರಿಸಿದ ಹಾಗೆ ಕೇಳಿಸುತ್ತಿತ್ತು.

ನಿರ್ದೇಶಕ ಗಾರ್ರಿದೊ ಎಷ್ಟೋ ಸಲ ಹೇಳಿ ನೋಡಿದ. "ಸ್ವಲ್ಪ ಮೆಲ್ಲಗೆ, ದೊನ್ ಎವಾರಿಸ್ತೊ."

"ಮೆಲ್ಲಗೆ ಯಾಕಪ್ಪಾ? ದಿನಾ ರಾತ್ರಿ ನಾನು ಮನೆಗೆ ಹೋದ್ರೆ ನಮ್ಮತ್ತೆ ಕಣ್ಣೆಲ್ಲ ಕೆಂಪಗಿರತ್ತೆ, ಗೊತ್ತಾ? ಅಷ್ಟು ಅತ್ತಿರ್ತಾರೆ."

"ನಿಮ್ಮನ್ನ ನೋಡಿ ನನಗೂ ದಿನಾ ಅಳು ಬರತ್ತೆ. ಕಾರಣ ಬೇರೆ."

ಅವರು ಅದನ್ನೂ ಹೊಗಳಿಕೆಯೆಂದೇ ತಿಳಿದರು.

ಯಂತ್ರ ಬಂದ ಮೇಲೆ ಒಂದು ಕಂತನ್ನು ಬೆಳಿಗ್ಗೆ ಮುದ್ರಿಸಿಕೊಂಡು ಮರುದಿನ ಸಂಜೆ ತೋರಿಸುವುದೆಂದು ಗೊತ್ತಾಯಿತು. ಸ್ಟುಡಿಯೋದಲ್ಲೇ ನೋಡಿಬಿಡಿ ಎಂದು ಗಾರ್ರಿದೊ ಕರೆದರೂ ದೊನ್ ಎವಾರಿಸ್ತೊ ಒಪ್ಪಲಿಲ್ಲ. "ಮನೇಲಿ, ಹೆಂಡತಿ ಪಕ್ಕ ಕೂತ್ಕೊಂಡು ನೋಡ್ತೀನಿ. ನಾನು ಬರೋದು ಅವಳಿಗೆ ಹೇಳಿಲ್ಲ. ನೀನು, ತೆಯೊಫಿಲಾ, ಇಬ್ರೂ ಬನ್ನಿ. ಆ ಮುಖಗಳನ್ನ ನೀವೂ ನೋಡ್ಬೇಕು."

ಮರುದಿನ ಸಂಜೆ ಮೂವರೂ ಬ್ರೆನ್ಯಾ ಬಡಾವಣೆಯ ಅವರ ಮನೆಗೆ ಹೋದೆವು. ಅವರು ಹೊಸ ಟೈ ಕಟ್ಟಿದ್ದರು. ಬಾಗಿಲ ಬಳಿ ಬರುವಾಗಲೇ ಒಳಗಿನಿಂದ ಕೂಗಾಟ ಕೇಳಿಸಿತು.

"ಹಾಕು ಅವನಿಗೆ! ಕಿವಿ ಹಿಡಿದು ತಿರುವು!"

"ಈ ಕಂತಲ್ಲಿ ಹೊಡೆದಾಟ ಇಲ್ವಲ್ಲ," ಎಂದು ದೊನ್ ಎವಾರಿಸ್ತೊ ಗೊಣಗಿದರು.

ಒಳಗೆ ಅರ್ಧ ಓಣಿಯೇ ನೆರೆದಿತ್ತು. ಟೀವಿಯಲ್ಲಿ ಎದುರಾಳಿ ಚಾನೆಲ್ಲಿನ ಕುಸ್ತಿ. ಅತ್ತೆ ದೋನ್ಯಾ ಬಲ್ಬಿನಾ ಶಾಲು ಕಿತ್ತೆಸೆದು ಎದ್ದು ನಿಂತಿದ್ದರು. ಮುಖವಾಡದ ಪೈಲ್ವಾನನೊಬ್ಬನ ಬೆನ್ನ ಮೇಲೆ ಇನ್ನೊಬ್ಬ ಕುರ್ಚಿ ಮುರಿದದ್ದಕ್ಕೆ ಆಕೆಯ ಕಣ್ಣಲ್ಲಿ ಧಾರಾಕಾರ ನೀರು. ಅತ್ತೆ ದಿನಾ ಅಳುತ್ತಾರೆ ಎಂದದ್ದು ಸುಳ್ಳಾಗಿರಲಿಲ್ಲ.

ಹೆಂಡತಿ ಎರ್ಮಿನಿಯಾ ಗಂಡನನ್ನು ಕಂಡು ಕೈಯಲ್ಲಿದ್ದ ಹುರಿದ ಜೋಳದ ಬಟ್ಟಲನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. "ರೀ! ನೀವು ಈಗ ಟೀವೀಲಿ ಇರ್ಬೇಕಲ್ವಾ?"

"ಅಲ್ಲೂ ಇದೀನಿ. ಇಲ್ಲೂ ಇದೀನಿ. ಯಂತ್ರ ಬಂದಿದೆ."

"ಒಂದೇ ಹೊತ್ತಿಗೆ ಎರಡು ಕಡೆ ಇರೋಕೆ ನೀನೇನು ಪುಣ್ಯಾತ್ಮ ಫ್ರಾಯ್ ಮಾರ್ತಿನ್ನಾ?" ಎಂದರು ಅತ್ತೆ, ಕುಸ್ತಿಯಿಂದ ಕಣ್ಣು ಕೀಳದೆ. "ಪಕ್ಕಕ್ಕೆ ನಿಂತ್ಕೊ, ಕಾಣ್ತಿಲ್ಲ."

ದೊನ್ ಎವಾರಿಸ್ತೊ ಹೆಂಡತಿಯ ಕಡೆ ತಿರುಗಿದರು. "ಮತ್ತೆ ದಿನಾ 'ಅದ್ಭುತವಾಗಿತ್ತು' ಅಂತಿದ್ದೆ?"

"ನೀವು ಅದ್ಭುತವಾಗೇ ಮಾಡ್ತೀರಲ್ಲ. ಅದನ್ನ ನೋಡೇ ತಿಳ್ಕೋಬೇಕೇನ್ರೀ?"

ಕೊನೆಗೆ ಯಾರೋ ಮರ್ಯಾದೆಗೆ ಚಾನೆಲ್ ಬದಲಿಸಿದರು. ನೆರೆಹೊರೆಯವರಿಗೆ ಒಬ್ಬರಾದ ಮೇಲೊಬ್ಬರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗತೊಡಗಿತು. ಪರದೆಯ ಮೇಲೆ ಜಮೀನ್ದಾರ ಮಗನ ಹೆಣದ ಮುಂದೆ ನಿಂತು ಎರಡೂ ತೋಳು ಬೀಸುತ್ತಿದ್ದ.

"ಯಂತ್ರ ಹೊಟ್ಟೇನ ಅಗಲ ಮಾಡಿ ತೋರಿಸ್ತಿದೆ," ಎಂದರು ದೊನ್ ಎವಾರಿಸ್ತೊ.

"ಉಳಿದವ್ರ ಹೊಟ್ಟೆ ಸರಿಯಾಗೇ ಇದೆಯಲ್ಲ," ಎಂದ ಗಾರ್ರಿದೊ.

"ಕೋಳಿ ಓಡಿಸ್ತಿದೀಯೇನೋ?" ಎಂದು ಅತ್ತೆ ಕೇಳಿದರು.

"ಮಗ ಸತ್ತಿದಾನೆ ಅತ್ತೆ. ಅದು ದುಃಖ."

"ಓಹೋ," ಎಂದು ಅವರು ಶಾಲು ಹೊದ್ದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಗೊರಕೆ ಕೇಳಿಸಿತು.

ದೊನ್ ಎವಾರಿಸ್ತೊ ಪರದೆಯನ್ನೇ ನೋಡುತ್ತ ಕೂತರು. ಆ ಮುಖಕ್ಕೆ ಎಷ್ಟೋ ವರ್ಷ ಪೌಡರ್ ಬಳಿದವಳು ನಾನು. ಅದು ಅಷ್ಟು ಸುಮ್ಮನಿದ್ದದ್ದನ್ನು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಅವರು ಮಾಡಿದ ಅತ್ಯುತ್ತಮ ನಟನೆ ಅದೇ. ಪರದೆಯ ಮೇಲಿನ ಜಮೀನ್ದಾರ ಸ್ವರ್ಗದ ಕಡೆ ಕೈಯೆತ್ತಿ ಮತ್ತೊಮ್ಮೆ ಅಬ್ಬರಿಸಿದಾಗ ಅವರು ಎದ್ದುಹೋಗಿ ತಾವೇ ಟೀವಿಯ ತಿರುಪು ತಿರುಗಿಸಿ ಕುಸ್ತಿ ಹಾಕಿದರು.

"ಆ ಮುಖವಾಡದವನು ಯಾರು?" ಎಂದು ಮೆಲ್ಲಗೆ ಕೇಳಿದರು.

ಅತ್ತೆಗೆ ತಕ್ಷಣ ಎಚ್ಚರವಾಯಿತು. ಸರಿದು ಪಕ್ಕದಲ್ಲಿ ಜಾಗ ಕೊಟ್ಟು, ಸುಟ್ಟ ಮಾಂಸ ಚುಚ್ಚಿದ ಕಡ್ಡಿಯೊಂದನ್ನು ಅಳಿಯನ ಕೈಗಿಟ್ಟು, ಯಾರು ಒಳ್ಳೆಯವ, ಯಾರು ದ್ರೋಹಿ ಎಂದು ವಿವರಿಸತೊಡಗಿದರು.

ಮರುದಿನ ಆ ಕಂತನ್ನು ಇನ್ನೊಮ್ಮೆ ಮಾಡೋಣ ಎಂದು ದೊನ್ ಎವಾರಿಸ್ತೊ ಗಾರ್ರಿದೊನನ್ನು ಬೇಡಿಕೊಂಡರು. ಆಗಲೇ ಆ ಟೇಪಿನ ಮೇಲೆ ಸೋಪಿನ ಜಾಹೀರಾತು ಮುದ್ರಿಸಿ ಆಗಿತ್ತು. ಕೆಲವು ವಾರಗಳಲ್ಲಿ ಧಾರಾವಾಹಿಯ ಜಮೀನ್ದಾರ ಕುದುರೆಯಿಂದ ಬಿದ್ದು ಸತ್ತ. ಕುದುರೆ ತರಿಸುವ ಶಕ್ತಿ ಚಾನೆಲ್ಲಿಗೆ ಇರಲಿಲ್ಲವಾದ್ದರಿಂದ ಸುದ್ದಿಯನ್ನು ಅಡುಗೆಯವಳು ಬಂದು ಹೇಳಿದಳು.

ದೊನ್ ಎವಾರಿಸ್ತೊ ಎದುರಾಳಿ ಚಾನೆಲ್ಲಿಗೆ ಹೋಗಿ ಕುಸ್ತಿಯ ವಿವರಣೆಕಾರರಾದರು. ಆ ಗಂಟಲಿಗೆ ಕೊನೆಗೂ ತಕ್ಕ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಜನ ಗುರುತಿಸಿ ಕೈಕುಲುಕತೊಡಗಿದರು. ಕಲೆಗೆ ಮುಡಿಪಾಗಿದ್ದ ಇಪ್ಪತ್ತು ವರ್ಷಗಳಲ್ಲಿ ಆಗದ್ದು ಇದು.

ಒಮ್ಮೆ ಸಂಜೆ ಕಾಫಿಗೆಂದು ಅವರ ಮನೆಗೆ ಹೋಗಿದ್ದೆ. ಮನೆಮಂದಿಯೆಲ್ಲ ಟೀವಿಯ ಮುಂದಿದ್ದರು. ಅದರಿಂದ ಬರುತ್ತಿದ್ದ ದೊನ್ ಎವಾರಿಸ್ತೊ ಅವರ ದನಿಗೆ ಕಿಟಕಿಯ ಗಾಜು ನಡುಗುತ್ತಿತ್ತು.

"ಅಳಿಯಂದ್ರು ಹೇಗೆ ಮಾಡ್ತಿದಾರೆ, ದೋನ್ಯಾ ಬಲ್ಬಿನಾ?" ಎಂದೆ.

"ಚೆನ್ನಾಗೇ ಮಾಡ್ತಾನೆ," ಎಂದರು ಆಕೆ, ಪರದೆ ನೋಡುತ್ತಲೇ. "ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಕುಸ್ತೀನೂ ಚೆನ್ನಾಗಿರೋದು."