ಇಬ್ಬರು ರೋತೆಮ್

ಅರ್ಜಿಯಲ್ಲಿ ಒಂದೇ ಒಂದು ಚೌಕ ಖಾಲಿ ಉಳಿದಿತ್ತು: ಹೊಸ ಹೆಸರು.

"ಬರೀರಿ ಮೇಡಂ," ಅಂದಳು ಕಚೇರಿಯ ಕಿಟಕಿಯಾಚೆಯ ಹೆಂಗಸು, ಸೂರ್ಯಕಾಂತಿ ಬೀಜ ಕಡಿಯುತ್ತ. "ಗಂಡು ಹುಡುಕೋದಕ್ಕಿಂತ ಕಷ್ಟವಾ ಇದು?"

"ಇನ್ನೂ ಯೋಚನೆ ಮಾಡಿಲ್ಲ."

"ಹಳೇದಕ್ಕೇನಾಗಿದೆ? ರೋತೆಮ್! ನನ್ನ ತಂಗಿ ಮಗಳೂ ರೋತೆಮ್, ಪಕ್ಕದ ಮನೆ ತರಲೆ ಹುಡುಗನೂ ರೋತೆಮ್. ಮೆಟ್ಟಿಲ ಮೇಲೆ ನಿಂತು ಒಂದು ಸಲ ಕೂಗಿ, ಅರ್ಧ ಬೇರ್ ಶೆವಾ ಊರೇ ಓಡಿ ಬರುತ್ತೆ."

"ಅದಕ್ಕೇ," ಎಂದಳು ರೋತೆಮ್. ಅದು ನಿಜವಾಗಿರಲಿಲ್ಲ.

"ಖಾಲಿ ಬಿಟ್ಟಿದ್ದು ತಗೊಳ್ಳಲ್ಲ ನಾನು. ಎರಡು ಗಂಟೆಗೆ ಮುಚ್ತೀವಿ."

ಕಳೆದ ವಾರ ತಾನು ಕಲಿಸುವ ಕಾಲೇಜಿನಲ್ಲಿ ಗಣಿತದ ಹೊಸ ತರಗತಿಗೆ ಹಾಜರಿ ಕರೆದಾಗ ಮೂವರು ರೋತೆಮ್‌ಗಳು ಕೈಯೆತ್ತಿದ್ದರು. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಯಾಕೆ ಈ ಹೆಸರು ಎಂದು ಸುಮ್ಮನೆ ಕೇಳಿದ್ದಳು. ಕಿವಿಗೆ ಹಿತವಾಗಿತ್ತೆಂದು ಅಪ್ಪ ಅಮ್ಮ ಇಟ್ಟರಂತೆ. ಅಷ್ಟೇ. ಮೂವರೂ ನಕ್ಕರು. ಆ ಹೆಸರನ್ನು ಅಷ್ಟು ಹಗುರವಾಗಿ ಹೊರಬಹುದೆಂದು ಮೂವತ್ತೆಂಟು ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳದು ಸತ್ತವನ ಹೆಸರು. ಅಪ್ಪನ ತಮ್ಮ, ಇಪ್ಪತ್ತಕ್ಕೇ ಯುದ್ಧದಲ್ಲಿ ಹೋದವನು. ಮರುವರ್ಷ ಹುಟ್ಟಿದ್ದು ಹೆಣ್ಣಾದರೂ ತೊಂದರೆಯಾಗಲಿಲ್ಲ; ಗಂಡಿಗೂ ಹೆಣ್ಣಿಗೂ ಸಲ್ಲುವ ಹೆಸರು. ಮರಳುಗಾಡಿನ ಒಂದು ಕುರುಚಲು ಗಿಡದ್ದು. ರಸ್ತೆ ಅಳೆಯುತ್ತಿದ್ದ ಅಜ್ಜ ಅದರ ಚೂರು ನೆರಳಲ್ಲಿ ಮಧ್ಯಾಹ್ನಗಳನ್ನು ಕಳೆದು, ಆ ಋಣಕ್ಕೆ ಮಗನಿಗೆ ಇಟ್ಟದ್ದು. ಪೊದೆಯ ಹೆಸರೇ ಎಂದು ಆಗ ಜನ ನಕ್ಕಿದ್ದರಂತೆ. ಅದರ ಕೆಂಡ ಮೇಲೆ ಬೂದಿಯಾಗಿ ಕಂಡರೂ ಒಳಗೆ ಆರುವುದೇ ಇಲ್ಲವೆಂದು ಅಜ್ಜಿ ಪೆಸ್ಯಾ ಹೇಳುತ್ತಿದ್ದಳು, ಹೊಗಳುವ ಹಾಗೆ.

ಇವತ್ತು ಆ ಚಿಕ್ಕಪ್ಪನ ಹುಟ್ಟುಹಬ್ಬ. ಪ್ರತಿವರ್ಷದಂತೆ ಅಜ್ಜಿಯ ಮನೆಗೆ ಹೋಗಿ ಅವನ ಕೇಕನ್ನು ಇವಳು ತಿನ್ನಬೇಕು. ಈ ಸಲ ಹೇಳಿಬಿಡಬೇಕು. ಹೇಳಿ, ಎರಡರೊಳಗೆ ಕಚೇರಿಗೆ ಹಿಂತಿರುಗಬೇಕು.

"ಬಂದೆಯಾ ರೋತೆಮ್," ಅಂದಳು ಅಜ್ಜಿ. ನೋಟ ಮಾತ್ರ ಮೊಮ್ಮಗಳ ತಲೆಯಿಂದ ಕೊಂಚ ಮೇಲಕ್ಕೆ ಹೋಗಿ ನಿಂತಿತ್ತು. "ತಿನ್ನು. ಎರಡು ತುಂಡು. ಗಸಗಸೆ ಕೇಕು ಅಂದ್ರೆ ನಿಂಗೆ ಪ್ರಾಣ ಅಲ್ವಾ."

ಪ್ರಾಣವಾಗಿದ್ದದ್ದು ಅವನಿಗೆ. ಅವಳು ಎರಡು ತುಂಡನ್ನೂ ತಿಂದಳು.

"ಅಜ್ಜೀ, ಒಂದು ವಿಷಯ."

"ಮೊದಲು ಅಳತೆ."

"ನಂಗೀಗ ಮೂವತ್ತೆಂಟು, ಅಜ್ಜಿ."

"ಇರ್ಲಿ ಬಿಡೆ. ಹಲ್ಲು ಉದುರೋವರೆಗೂ ನಾನೂ ಬೆಳೀತಾನೇ ಇದ್ದೆ. ನಿಂತ್ಕೋ."

ಅಡುಗೆಮನೆ ಬಾಗಿಲ ಚೌಕಟ್ಟಿನ ತುಂಬ ಪೆನ್ಸಿಲ್ ಗೆರೆಗಳು. ಪ್ರತಿ ಗೆರೆಯ ಪಕ್ಕ ಅಜ್ಜಿಯ ಅಕ್ಷರದಲ್ಲಿ ರೋತೆಮ್, ಮತ್ತೆ ರೋತೆಮ್. ಯಾವುದು ಅವನದು, ಯಾವುದು ತನ್ನದು ಎಂದು ಅವಳಿಗೆ ಎಂದೂ ತಿಳಿದಿರಲಿಲ್ಲ. ಎಲ್ಲಕ್ಕೂ ಮೇಲಿನದೊಂದು ಮಾತ್ರ ಗೊತ್ತು: ಅವನು ಸೇನೆಗೆ ಹೊರಟ ಬೆಳಿಗ್ಗೆ ಎಳೆದದ್ದು.

ಅಜ್ಜಿ ಸ್ಟೂಲು ಎಳೆದು ತಂದಳು. ಒಂದು ಕಾಲು ಗಿಡ್ಡ, ಅಲುಗಾಡುತ್ತಿತ್ತು. "ಪೆನ್ಸಿಲ್ ಇದ್ರೆ ಕೊಡು."

ಪೆನ್ಸಿಲ್ ಜೊತೆ ಚೀಲದಿಂದ ಅರ್ಜಿಯೂ ಹೊರಬಂದು ಬಿತ್ತು. ಅಜ್ಜಿ ಬಗ್ಗಿ ಎತ್ತಿಕೊಂಡಳು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಖಾಲಿ ಚೌಕದ ಮೇಲೆ ಅವಳ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು.

"ಇದು ಬೇಕಾ?"

ರೋತೆಮ್ ಬಾಯಿ ತೆರೆದಳು. ಹಲ್ಲಿನ ಸಂದಿಯಲ್ಲಿ ಗಸಗಸೆ ಸಿಕ್ಕಿತ್ತು.

"ಅಂಥದ್ದೇನಿಲ್ಲ."

ಅಜ್ಜಿ ಅರ್ಜಿಯನ್ನು ನಾಲ್ಕಾಗಿ ಮಡಿಸಿದಳು. ಸ್ಟೂಲಿನ ಗಿಡ್ಡ ಕಾಲಿನಡಿ ತುರುಕಿದಳು. ಅಲುಗಿಸಿ ನೋಡಿ, ತೃಪ್ತಿಯಾಗಿ, ಹತ್ತಿದಳು. ಬ್ರೆಡ್ಡು ಕೊಯ್ಯುವ ಹಲಗೆಯನ್ನು ಮೊಮ್ಮಗಳ ನೆತ್ತಿಗೆ ಒತ್ತಿ ಗೆರೆ ಎಳೆದಳು, ಹೆಸರು ಬರೆದಳು. ಹೋದ ವರ್ಷದ ಗೆರೆಯೇ ಇನ್ನಷ್ಟು ದಪ್ಪವಾಯಿತು.

"ನಾಲ್ಕೇ ಬೆರಳು ಬಾಕಿ," ಅಂದಳು, ಸಮಾಧಾನ ಮಾಡುವ ದನಿಯಲ್ಲಿ. "ಮುಟ್ತೀಯ ಬಿಡು, ಮಗನೇ."

ಒಳಗೆಲ್ಲೋ ಗಡಿಯಾರ ಎರಡು ಹೊಡೆಯಿತು. ಅಜ್ಜಿ ಇಳಿಯಲಿಲ್ಲ, ತನ್ನ ಭಾರವನ್ನೆಲ್ಲ ಹಲಗೆಯ ಮೇಲೆ ಊರಿ ಮೇಲಿನ ಗೆರೆಯನ್ನೇ ನೋಡುತ್ತ ನಿಂತಿದ್ದಳು. ತಾನು ಕದಲಿದರೆ ಅಜ್ಜಿ ಬೀಳುತ್ತಾಳೆ. ರೋತೆಮ್ ಕದಲಲಿಲ್ಲ. ಒತ್ತುತ್ತಲೇ ಇದ್ದ ಹಲಗೆಯ ಕೆಳಗೆ ಅವಳ ಹಿಮ್ಮಡಿಗಳು ಮಾತ್ರ, ತಮಗೆ ತಾವೇ, ಒಂದಿಷ್ಟು ನೆಲ ಬಿಟ್ಟು ಎದ್ದಿದ್ದವು.