ಎರಡು ಸಲ ನುಡಿಸಿದ ಹಾಡು

"ನನ್ನ ಹಾಡು ನುಡಿಸಿಬಿಟ್ರಾ?"

ಗಾಲಿಕುರ್ಚಿ ಇನ್ನೂ ಸರಿಯಾಗಿ ನಿಂತಿರಲಿಲ್ಲ, ದೆಲ್ಫಿನ್ ಕೇಳಿದ್ದು ಅದನ್ನೇ. ಬಾಡಿಗೆಯ ಟ್ರೈಸಿಕಲ್ ಗಾಡಿಯಿಂದ ಇಳಿಸಿ ಚರ್ಚಿನ ಚೌಕದವರೆಗೆ ತಳ್ಳಿಕೊಂಡು ಬಂದಿದ್ದ ಹೆಂಡತಿ ಸೋಲೆದಾದ್ ಬೆವರಿನಲ್ಲಿ ತೊಯ್ದಿದ್ದಳು. ಕುರ್ಚಿಯ ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿತ್ತು.

"ಎಲ್ಲಿ ಮಾರಾಯ, ನಿನಗೇ ಕಾಯ್ತಿದ್ವಿ," ಅಂದ ಅನ್ಸೆಲ್ಮೊ.

ಹಸಿ ಸುಳ್ಳು. ಊರಿನ ಬ್ಯಾಂಡಿನ ಮೇಷ್ಟ್ರು ಅವನು. ದೆಲ್ಫಿನ್‌ಗೆಂದೇ ಆ ಹಾಡನ್ನು ಬರೆದವನೂ ಅವನೇ, ಸ್ವಲ್ಪ ಹೊತ್ತಿನ ಮುಂಚೆ ನುಡಿಸಿ ಮುಗಿಸಿದವನೂ ಅವನೇ. "ಇವತ್ತು ಎದ್ದು ಕೂರೋಕೂ ಆಗ್ತಿಲ್ಲ, ಬರಲ್ಲ" ಎಂದು ಸೋಲೆದಾದ್ ಹೇಳಿ ಕಳಿಸಿದ ಮೇಲೆ ಇನ್ನು ಯಾರಿಗಾಗಿ ಕಾಯುವುದು?

ಸಂತನ ಹಬ್ಬದ ದಿನ ಎರಡು ಊರಿನ ಬ್ಯಾಂಡುಗಳು ಎದುರುಬದುರು ಕೂತು ಸರದಿಯ ಮೇಲೆ ನುಡಿಸುತ್ತವೆ. ಒಮ್ಮೆ ನುಡಿಸಿದ್ದನ್ನು ಮತ್ತೆ ನುಡಿಸಿದವರು ಸೋತಂತೆ. ಯಾರೂ ಬರೆದಿಡುವುದಿಲ್ಲ, ಚೌಕದಲ್ಲಿ ಕೂತ ಮುದುಕಿಯರಿಗೂ ಎಲ್ಲ ನೆನಪಿರುತ್ತದೆ. ಸರೋವರದ ಆಚೆ ದಂಡೆಯವರು ವರ್ಷವರ್ಷವೂ ಗೆದ್ದು ಮೆರೆಯುತ್ತಿದ್ದರು. ಈ ಸಲ ಅವರ ಸರಕು ಮುಗಿಯುತ್ತ ಬಂದಿತ್ತು. ಅನ್ಸೆಲ್ಮೊನ ಬಳಿ ಇನ್ನೂ ಎರಡು ಹೊಸ ಮಾರ್ಚ್‌ಗಳು, ಹೆಜ್ಜೆಗೆ ನುಡಿಸುವ ಧಾಟಿಗಳು, ಉಳಿದಿದ್ದವು.

ಟ್ರಂಪೆಟ್ ಹಿಡಿದಿದ್ದ ಕ್ರಿಸೆಲ್ಡಾ ಹತ್ತಿರ ಬಂದು ಪಿಸುಗುಟ್ಟಿದಳು. ಅವಳು ದೆಲ್ಫಿನ್‌ನ ಶಿಷ್ಯೆ. "ಮೇಷ್ಟ್ರೇ, ಮಾರ್ಚ್ ಹೊಡೆಯೋಣ. ಅವರು ಗಂಟುಮೂಟೆ ಕಟ್ತಾರೆ. ಆಮೇಲೆ ಅಂಕಲ್‌ಗೆ ನಿಧಾನವಾಗಿ ನುಡಿಸಿದ್ರಾಯ್ತು."

ಅದು ಸೋಲೆದಾದ್ ಕಿವಿಗೂ ಬಿತ್ತು. "ಆಮೇಲೆ ಅನ್ನೋದು ಇಲ್ಲಮ್ಮ. ಸಿಲಿಂಡರ್ ಮುಗಿಯೋದ್ರೊಳಗೆ ಮನೆ ಸೇರಬೇಕು."

ಅನ್ಸೆಲ್ಮೊ ಗೆಳೆಯನ ಕಡೆ ನೋಡಿದ. ಊರಿನ ಮದುವೆ, ಮಣ್ಣು, ಮೆರವಣಿಗೆ ಯಾವುದಿದ್ದರೂ ಮುಂದಿನ ಸಾಲಿನಲ್ಲಿ ನಡೆದ ದೆಲ್ಫಿನ್. ಗುಡ್ಡ ಹತ್ತುತ್ತಲೇ ಟ್ರಂಪೆಟ್ ಊದುತ್ತಿದ್ದವನು. ಈಗ ಕಾಯಿಲೆಯಿಂದ ಶ್ವಾಸಕೋಶವೇ ಗಟ್ಟಿಕಟ್ಟಿತ್ತು. ಅವನ ಹಾಸಿಗೆಯ ಪಕ್ಕ ಕೂತು ಆ ಉಸಿರನ್ನು ಕೇಳಿಕೇಳಿಯೇ ಅನ್ಸೆಲ್ಮೊ ಹಾಡು ಕಟ್ಟಿದ್ದ. ನಡುವೆ ಟ್ರಂಪೆಟ್ ಸುಮ್ಮನಾಗುತ್ತದೆ, ಬ್ಯಾಂಡು ಮಾತ್ರ ಮೆಲ್ಲಗೆ ಕಾಯುತ್ತದೆ, ಮತ್ತೆ ಟ್ರಂಪೆಟ್ ಏಳುತ್ತದೆ. ಬರೆಯುವಾಗ ಅವನು ಅತ್ತಿದ್ದು ಯಾರಿಗೂ ಗೊತ್ತಿಲ್ಲ.

"ತುಟಿ ಒರೆಸ್ಕೋಮ್ಮ," ಎಂದು ಕ್ರಿಸೆಲ್ಡಾಗೆ ಹೇಳಿ ಕೈಯೆತ್ತಿದ.

ಮೊದಲ ಸ್ವರಕ್ಕೇ ಚೌಕದಲ್ಲಿ ಗುಸುಗುಸು ಎದ್ದಿತು. "ಇದು ಆಗ್ಲೇ ಆಯ್ತಲ್ಲೋ! ಮೇಷ್ಟ್ರಿಗೆ ತಲೆ ಕೆಟ್ಟಿದ್ಯಾ?" ಅಂತ ಯಾರೋ ಕೂಗಿದರು. ಬ್ಯಾಂಡಿನವರು ತಲೆ ಎತ್ತಲಿಲ್ಲ. ದೆಲ್ಫಿನ್‌ನ ಮೂರು ಬೆರಳು ಕುರ್ಚಿಯ ಕೈಮೇಲೆ ಟ್ರಂಪೆಟ್ಟಿನ ಜೊತೆಗೇ ಏಳುತ್ತಿದ್ದವು, ಬೀಳುತ್ತಿದ್ದವು. ಟ್ರಂಪೆಟ್ ಸುಮ್ಮನಾದಲ್ಲಿ ಅವೂ ನಿಂತವು. ಎರಡನೇ ಸಲಕ್ಕೆ ಕ್ರಿಸೆಲ್ಡಾಳ ತುಟಿ ಸೋತು ಸ್ವರ ಒಂದೆರಡು ಕಡೆ ಒಡೆಯಿತು. ಆದರೂ ಕೊನೆಯ ಸ್ವರವನ್ನು ಬರೆದಷ್ಟೂ ಉದ್ದ ಹಿಡಿದಳು.

ಅದು ನಿಂತಿದ್ದೇ ತಡ ಆಚೆ ಬ್ಯಾಂಡಿನ ಡೋಲು ಗೆಲುವಿನ ಪೆಟ್ಟು ಹಾಕತೊಡಗಿತು. ಅವರ ತಪ್ಪೇನೂ ಇಲ್ಲ, ಪದ್ಧತಿಯೇ ಹಾಗೆ.

ದೆಲ್ಫಿನ್ ಕಿವಿಗೊಟ್ಟು ಕೇಳಿದ. "ಕತ್ತೆ ನನ್ಮಗನೇ," ಅಂದ. ಮುಂದಿನ ಮಾತಿಗೆ ಉಸಿರು ಒಟ್ಟುಮಾಡಿಕೊಳ್ಳಬೇಕಾಯಿತು. "ನೀನು ಮೊದಲೇ ನುಡಿಸಿದ್ದೆ, ಅಲ್ವಾ?"

ಅನ್ಸೆಲ್ಮೊ ಕುರ್ಚಿಯ ಪಕ್ಕ ಬಂದು ಬಗ್ಗಿದ. "ಅದಿರ್ಲಿ ಬಿಡು. ಹಾಡು ಹೇಗಿದೆ ಹೇಳು."

"ಚೆನ್ನಾಗಿದೆ ಕಣೋ." ದೆಲ್ಫಿನ್ ಕಣ್ಣು ಒರೆಸಿಕೊಂಡ. "ಆ ಕೊನೇ ಸ್ವರ ಮಾತ್ರ ಅಷ್ಟುದ್ದ ಬೇಡ. ನನ್ನ ಕೈಲಿ ಆಗಲ್ಲ."

ಅನ್ಸೆಲ್ಮೊ ಕ್ರಿಸೆಲ್ಡಾಳ ಹಾಳೆ ಎಳೆದುಕೊಂಡು, ಪೆನ್ಸಿಲಿನಿಂದ ಆ ಸ್ವರದ ಅರ್ಧವನ್ನು ಹೊಡೆದುಹಾಕಿ ತೋರಿಸಿದ. "ಇಷ್ಟು ಸಾಕಾ?"

ದೆಲ್ಫಿನ್ ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಉಸಿರೆಳೆದು ನೋಡಿದ.

"ಇನ್ನೂ ಸ್ವಲ್ಪ ಕಡಿಮೆ ಮಾಡು," ಅಂದ.