ಸುಮ್ಮನೆ ಗಲಾಟೆ ಯಾಕೆ

ಟ್ರೆವರ್ ಬಸ್ಸಿನಲ್ಲೇ ದವಡೆ ಉಜ್ಜಿಕೊಳ್ಳಲು ಶುರು ಮಾಡಿದ್ದ. ವಿಸ್‌ಬೀಚ್‌ನಿಂದ ಕಾರು ಓಡಿಸಿಕೊಂಡು ಬಂದು, ಕೇಂಬ್ರಿಜ್‌ನ ಹೊರಗಿನ ಮೈದಾನದಲ್ಲಿ ಅದನ್ನು ನಿಲ್ಲಿಸಿ, ಪೇಟೆಗೆ ಹೋಗುವ ಬಸ್ಸು ಹತ್ತಿದ್ದರು. ಮೊರೀನ್ ಓರೆಗಣ್ಣಿನಲ್ಲಿ ನೋಡಿದಳು. ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಹಲ್ಲುನೋವು ಯಾವುದು, ಅಲ್ಲದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏನಾಯ್ತು?"

"ಏನಿಲ್ಲ ಕಣೇ. ಬೆಳಿಗ್ಗೆ ತಿಂದ ಸಾಸೇಜು."

"ಸಾಸೇಜು ದವಡೇಲಿ ಯಾಕಪ್ಪ ಕೂತಿದೆ?"

"ನೀನು ಸುಟ್ಟು ಇಟ್ಟಿದ್ಯಲ್ಲ, ಅಗಿದೂ ಅಗಿದೂ ಸಾಕಾಯ್ತು."

ಮೊರೀನ್ ನಕ್ಕಳು. ನಗು ಮುಗಿಯುವ ಮೊದಲೇ ಮಂಗಳವಾರದ ವಿಷಯ ನೆನಪಾಯಿತು. ಮಂಗಳವಾರ ಟ್ರೆವರ್ ಡಾಕ್ಟರ ಬಳಿ ಹೋಗಬೇಕಿತ್ತು. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ ಎಂದು ಅವಳೇ ಹಟ ಹಿಡಿದು ಸಮಯ ಗೊತ್ತುಮಾಡಿಸಿದ್ದಳು. ಅವನು ಗುಟ್ಟಾಗಿ ಫೋನು ಮಾಡಿ, ನನಗಿಂತ ಹೆಚ್ಚು ಕಾಯಿಲೆಯವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಕೊಡಿ ಎಂದು ಬಿಟ್ಟುಕೊಟ್ಟಿದ್ದ. ಅವನ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ, "ಸ್ವಲ್ಪ ಸೆಖೆ ಇವತ್ತು" ಎನ್ನುತ್ತ ಕೂತವನು ಮತ್ತೆ ಎದ್ದಿರಲಿಲ್ಲ. ಆಗ ಅಪ್ಪನಿಗೆ ಅರವತ್ತೇಳು. ಕಳೆದ ತಿಂಗಳು ಟ್ರೆವರ್‌ಗೂ ಅರವತ್ತೇಳು ತುಂಬಿತ್ತು. ಹುಟ್ಟುಹಬ್ಬದ ದಿನ ಇಬ್ಬರೂ ಅದೇ ಲೆಕ್ಕ ಹಾಕಿದರು, ಇಬ್ಬರೂ ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಮುಖ್ಯವಾದ ಮಾತನ್ನೆಲ್ಲ ಚಹಾದ ಜೊತೆ ನುಂಗಿಬಿಡುವುದೇ ಪದ್ಧತಿ. ಆ ಮನೆಯೇನು, ಆ ದೇಶದ್ದೇ ಪದ್ಧತಿ ಅದು.

ಈ ಪ್ರವಾಸ ಟ್ರೆವರ್‌ನ ಆಸೆ. ಎಂಟು ವರ್ಷದವನಿದ್ದಾಗ ಅಮ್ಮ ಅವನ ತಲೆಗೆ ನೀರು ಹಚ್ಚಿ ಬಾಚಿ, ಇಲ್ಲಿನ ಒಂದು ಕಾಲೇಜಿನ ಚಾಪೆಲ್‌ಗೆ, ಹುಡುಗರ ಗಾಯನ ಮೇಳದ ಪರೀಕ್ಷೆಗೆಂದು ಕರೆತಂದಿದ್ದಳು. ಎರಡು ಸಾಲು ಹಾಡುವಷ್ಟರಲ್ಲಿ, "ಸಾಕು ಮಗು, ಥ್ಯಾಂಕ್ಯೂ" ಎಂದು ಕಳಿಸಿದ್ದರು. ಐವತ್ತೊಂಬತ್ತು ವರ್ಷ ಅವನು ಆ ಕಡೆ ತಲೆ ಹಾಕಿ ಮಲಗಿದವನಲ್ಲ. ಈಗ ಇದ್ದಕ್ಕಿದ್ದಂತೆ, ಒಂದು ಸಲ ಒಳಗೆ ಕೂತು ಸಂಜೆಯ ಪ್ರಾರ್ಥನೆ ಕೇಳಬೇಕು ಎಂದು ಶುರು ಮಾಡಿದ್ದ. ಈಗಲೇ ಯಾಕೆ ಎಂದು ಮೊರೀನ್ ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು.

ಜೂನ್ ತಿಂಗಳ ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಇಂಗ್ಲೆಂಡಿನಲ್ಲಿ ಇಂಥ ಬಿಸಿಲು ಬಿದ್ದ ದಿನ ಕಾಯಿಲೆ ಬೀಳುವುದೂ ಒಂದು ಅಪರಾಧವೇ. ಹೊಳೆಯ ಪಕ್ಕದ ಮೋಟು ಗೋಡೆಯ ಮೇಲೆ ಟ್ರೆವರ್ ದೊಪ್ಪನೆ ಕೂತ.

"ದೋಣಿ ನೋಡ್ತೀನಿ ಸ್ವಲ್ಪ ಹೊತ್ತು."

ಅವನ ಕಣ್ಣು ಮುಚ್ಚಿತ್ತು. ಅಂಗಿಯ ಕಾಲರು ಒದ್ದೆಯಾಗಿ ಕುತ್ತಿಗೆಗೆ ಅಂಟಿತ್ತು. ಮೊರೀನ್ ಎದುರಿನ ಔಷಧಿ ಅಂಗಡಿಗೆ ಹೋಗಿ ಅಜೀರ್ಣದ ಮಾತ್ರೆ ಕೇಳಿದಳು.

"ಯಾರಿಗೆ ಮೇಡಂ?" ಎಂದಳು ಅಂಗಡಿಯ ಹುಡುಗಿ. "ಎದೇಲಿ ನೋವು, ತೋಳು ಸೆಳೆತ ಏನಾದ್ರೂ ಇದ್ಯಾ ಅವರಿಗೆ?"

ಮೊರೀನ್‌ಳ ಹಿಂದೆ ನಾಲ್ಕು ಜನ ಸಾಲು ನಿಂತಿದ್ದರು. ಒಬ್ಬ ಕೈಗಡಿಯಾರ ನೋಡಿಕೊಂಡ.

"ಇಲ್ಲಮ್ಮ, ಹಂಗೇನಿಲ್ಲ. ಬರೀ ಅಜೀರ್ಣ."

ಮಾತ್ರೆ ತಗೊಂಡು ಹೊರಬಂದಳು. ಸುಳ್ಳು ಎಷ್ಟು ಸಲೀಸಾಗಿ ಬಂದಿತ್ತು.

ಮಾತ್ರೆ ನುಂಗಿದ ಮೇಲೆ ಟ್ರೆವರ್ ಸ್ವಲ್ಪ ಚೇತರಿಸಿಕೊಂಡ. ಐಸ್‌ಕ್ರೀಮ್ ತಿಂದ, ಅರ್ಧ ತಿಂದು ಅವಳಿಗೆ ಕೊಟ್ಟ. ಐದು ಗಂಟೆಗೆ ಚಾಪೆಲ್ ಮುಂದೆ ಸಾಲು ಹಿಡಿದರು. ಅಷ್ಟರಲ್ಲಿ ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಟ್ರೆವರ್, ಮನೆಗೆ ಹೋಗೋಣ. ಇಲ್ಲಾಂದ್ರೆ ಆಸ್ಪತ್ರೆಗಾದ್ರೂ ನಡಿ."

"ಮುಕ್ಕಾಲು ಗಂಟೆ ಕಣೇ. ಸುಮ್ನೆ ಗಲಾಟೆ ಯಾಕೆ?"

"ನಿನ್ನ ಮುಖ ನೋಡ್ಕೊಂಡಿದೀಯಾ?"

"ಅದನ್ನ ನೀನು ನಲವತ್ತು ವರ್ಷದಿಂದ ಸಹಿಸ್ಕೊಂಡಿದೀಯಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದ. "ಆವತ್ತು ಅವರು ನನ್ನ ಹೊರಗೆ ಕಳಿಸಿದ್ರು. ಇವತ್ತು ನೀನು ಕಳಿಸ್ತೀಯಾ?"

ಮೊರೀನ್ ಅವನ ತೋಳು ಹಿಡಿದು ಸಾಲಿನಲ್ಲಿ ಮುಂದಕ್ಕೆ ನಡೆದಳು. ಬಾಗಿಲಲ್ಲಿ ಕಪ್ಪು ನಿಲುವಂಗಿ ತೊಟ್ಟವನೊಬ್ಬ ಜನರನ್ನು ಎಣಿಸಿ ಎಣಿಸಿ ಕೂರಿಸುತ್ತಿದ್ದ. ಟ್ರೆವರ್‌ನನ್ನು ಎಡಕ್ಕೆ ಕಳಿಸಿದ, ಎಡಗಡೆಯ ಸಾಲು ತುಂಬಿತು, ಮೊರೀನ್‌ಳನ್ನು ಬಲಕ್ಕೆ ಕಳಿಸಿದ. "ನೀವಿಬ್ಬರೂ ಜೊತೆಗೆ ಬಂದವರಾ?" ಎಂದೂ ಕೇಳಿದ. "ಪರವಾಗಿಲ್ಲ, ಪರವಾಗಿಲ್ಲ" ಎಂದರು ಇಬ್ಬರೂ ಒಟ್ಟಿಗೆ.

ಆ ಚಾಪೆಲ್‌ನಲ್ಲಿ ಜನ ಎದುರುಬದುರಾಗಿ ಕೂರುತ್ತಾರೆ. ನಡುವೆ ಕಲ್ಲುಹಾಸಿನ ಓಣಿ, ಎರಡೂ ಕಡೆ ಹಾಡುವ ಹುಡುಗರು, ಅವರ ಹಿಂದೆ ಮೇಲಿನ ಸಾಲುಗಳಲ್ಲಿ ಕೇಳುವವರು. ಟ್ರೆವರ್ ನೇರ ಎದುರಿಗೇ ಸಿಕ್ಕಿದ. ಮೇಣದಬತ್ತಿಯ ಬೆಳಕಿನಲ್ಲಿ ಅವನು ನಕ್ಕಿದ್ದು ಕಂಡಿತು. ಎಂಟು ವರ್ಷದ ಹುಡುಗನ ನಗು ಅದು. ಅವಳಿಗೆ ಅಳು ಬಂತು.

ಹಾಡು ಶುರುವಾಯಿತು. ಎಲ್ಲರೂ ಎದ್ದರು, ಅವನೂ ಎದ್ದ. ಓದುವಾಗ ಕೂತರು, ಅವನೂ ಕೂತ. ಮತ್ತೆ ಎದ್ದರು. ಈ ಸಲ ಅವನು ಮುಂದಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಎದ್ದ. ಮೊರೀನ್ ಕೈಯಲ್ಲಿದ್ದ ಪುಸ್ತಿಕೆಯಲ್ಲಿ ಎಷ್ಟು ಪುಟ ಉಳಿದಿದೆ ಎಂದು ನೋಡಿದಳು. ಆರು. ದೇವರ ಹೆಸರಿನ ಒಂದೊಂದು ಸಾಲನ್ನೂ ಅವಳು ಬೇಗ ಮುಗಿಯಲಿ ಎಂದೇ ಓದಿದಳು.

ಮೂರನೆಯ ಸಲ ಎಲ್ಲರೂ ಎದ್ದಾಗ ಎದುರು ಸಾಲಿನಲ್ಲಿ ಹಲ್ಲು ಬಿದ್ದ ಜಾಗದಂತೆ ಒಂದು ಸಂದಿ ಕಂಡಿತು. ಟ್ರೆವರ್ ಎದ್ದಿರಲಿಲ್ಲ. ಮತ್ತೆ ಎಲ್ಲರೂ ಕೂತು ತಲೆ ಬಗ್ಗಿಸಿದರು. ಇಡೀ ಚಾಪೆಲ್ ಉಸಿರು ಬಿಗಿಹಿಡಿದಂತೆ ನಿಶ್ಶಬ್ದವಾಗಿದ್ದಾಗ ಮೊರೀನ್ ಒಬ್ಬಳೇ ಎದ್ದು ನಿಂತಳು. ಕಾಲಡಿಯ ಹಲಗೆ ಕಿರ್ರೆಂದಿತು. ಪಕ್ಕದ ಮುದುಕಿ ತಲೆಯೆತ್ತಿ ನೋಡಿದಳು. ಹಾಡುವ ಹುಡುಗನೊಬ್ಬ ತಿರುಗಿ ನೋಡಿದ. ಓಣಿ ಹತ್ತು ಹೆಜ್ಜೆಯೂ ಇರಲಿಲ್ಲ.

ಎದುರಿಗೆ ಟ್ರೆವರ್ ಕಣ್ಣು ಬಿಟ್ಟ. ಮೊಣಕಾಲ ಮೇಲಿದ್ದ ಕೈಯನ್ನು ನಾಲ್ಕು ಬೆರಳಿನಷ್ಟು ಎತ್ತಿ ಮೆಲ್ಲಗೆ ಕೆಳಗೆ ಅದುಮಿ ತೋರಿಸಿದ. ಕೂತ್ಕೋ.

ಅವಳು ಕೂತಳು. ಕೂತ ಆ ಗಳಿಗೆಯನ್ನು ಮುಂದೆ ಅದೆಷ್ಟು ಸಲ ಶಪಿಸಿಕೊಳ್ಳಬೇಕಾಗುತ್ತದೋ ಅವಳಿಗೆ ಆಗ ಗೊತ್ತಿರಲಿಲ್ಲ.

ಕೊನೆಯ ಹಾಡು ಉದ್ದವಿತ್ತು. ಚಿಕ್ಕ ಹುಡುಗನೊಬ್ಬ ಒಂಟಿಯಾಗಿ ಹಾಡಿದ. ಟ್ರೆವರ್ ತಲೆ ಹಿಂದಕ್ಕೆ ಒರಗಿಸಿ ಕೇಳುತ್ತಿದ್ದ. ಹಾಗೆಂದೇ ಅವಳು ನಂಬಿದಳು, ನಂಬಲೇಬೇಕಾಗಿತ್ತು.

ಮುಗಿಯಿತು. ಜನ ಸಾಲಾಗಿ ಹೊರಟರು. ಮೊರೀನ್ ಆ ಜನರ ಎದುರಿಗೆ, "ಕ್ಷಮಿಸಿ, ಸ್ವಲ್ಪ ದಾರಿ, ಕ್ಷಮಿಸಿ" ಎನ್ನುತ್ತ ಓಣಿ ದಾಟಿ ಮೇಲಿನ ಸಾಲು ಹತ್ತಿದಳು. ಅವನ ತೊಡೆಯ ಮೇಲೆ ಪುಸ್ತಿಕೆ ತೆರೆದೇ ಇತ್ತು. ಕೆನ್ನೆ ಮುಟ್ಟಿದಳು, ಹೆಸರು ಹಿಡಿದು ಕರೆದಳು. ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರು ತಾಗಲಿಲ್ಲ. ಅವನ ಕಾಲರನ್ನು ಸರಿ ಮಾಡಿದಳು.

ನಿಲುವಂಗಿಯವನು ಮೇಣದಬತ್ತಿ ಆರಿಸುತ್ತ ಹತ್ತಿರ ಬಂದು ಮುಗುಳ್ನಕ್ಕ. ಅವನ ಬೆನ್ನ ಹಿಂದೆ ತೆರೆದ ಬಾಗಿಲಲ್ಲಿ ಬಿಸಿಲು ಇನ್ನೂ ಹಾಗೇ ಇತ್ತು.

"ಹೇಗಿತ್ತು ಮೇಡಂ? ಇಷ್ಟ ಆಯ್ತಾ?"

"ತುಂಬಾ ಚೆನ್ನಾಗಿತ್ತು, ಥ್ಯಾಂಕ್ಯೂ," ಎಂದಳು ಮೊರೀನ್. ಆಮೇಲೆ ಮೆಲ್ಲಗೆ, ಹೊರಡುತ್ತಿದ್ದವರಿಗೆ ಕೇಳಿಸದಷ್ಟು ಮೆಲ್ಲಗೆ, "ನಿಮಗೆ ತೊಂದರೆ ಕೊಡ್ತಿದೀನಿ, ದಯವಿಟ್ಟು ತಪ್ಪು ತಿಳ್ಕೋಬೇಡಿ. ನನ್ನ ಗಂಡ ಹೋಗ್ಬಿಟ್ಟಿದಾನೆ ಅನ್ಸುತ್ತೆ," ಎಂದಳು.